ಮೂರು ತಿಂಗಳ ಸರ್ಟಿಫಿಕೇಟ್ ಹಿಡಿದು ದನಕ್ಕೆ ಮದ್ದು ಕೊಡಬಹುದೇ?

ಹುಂಚದ ಹುಡುಗ (ಸೋಮವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸನಗರ ತಾಲ್ಲೂಕಿನ ಹುಂಚದ ಹತ್ತಿರ. ಬೆಂಗಳೂರಿನಲ್ಲಿ ಐದು ವರ್ಷ ದುಡಿದು, ಸಾಕೆನಿಸಿ, ಕಳೆದ ಮಳೆಗಾಲಕ್ಕೆ ಮುಂಚೆ ಊರಿಗೆ ಬಂದೆ. ಎರಡು ಎಕರೆ ಅಡಿಕೆ ತೋಟ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ತಳಿಯ ನಾಲ್ಕು ದನ, ಒಂದು ಜರ್ಸಿ ಮಿಶ್ರತಳಿ.

ನನ್ನ ಅಜ್ಜ ಸುತ್ತಲಿನ ಏಳೆಂಟು ಹಳ್ಳಿಗೆ ದನದ ಮದ್ದು ಕೊಡುತ್ತಿದ್ದರು. ಹೊಟ್ಟೆ ಉಬ್ಬರ, ಕೆಚ್ಚಲು ಬಾವು, ಮಾಸು ಬೀಳದಿರುವುದು, ಕೊಂಬು ಮುರಿದದ್ದು, ಎಲ್ಲಕ್ಕೂ ಜನ ಅವರ ಬಳಿಗೇ ಬರುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೂ ಕಂಬಳಿ ಕೊಪ್ಪೆ ಹಾಕಿ, ದನಕ್ಕೆ ಮದ್ದು ಕುಡಿಸುವ ಬಿದಿರಿನ ಗೊಟ್ಟ ಹಿಡಿದು ಹೊರಡುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಒಂದು ಕವಳ (ಎಲೆಅಡಿಕೆ), ಅಷ್ಟೆ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ನೋಟ್ ಪುಸ್ತಕ ನನ್ನ ಬಳಿ ಇದೆ; ಅಂಚಿನ ಭಾಗವನ್ನು ಗೆದ್ದಲು ತಿಂದಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. "ಪಶು ಗಿಡಮೂಲಿಕೆ ಚಿಕಿತ್ಸೆಯಲ್ಲಿ ವೃತ್ತಿಪರ ಸರ್ಟಿಫಿಕೇಟ್." ಮೂರು ತಿಂಗಳು, ಎಲ್ಲ ಪಾಠವೂ ಆನ್‌ಲೈನ್, ಹದಿನೆಂಟು ಸಾವಿರ ರೂಪಾಯಿ. ಮುಗಿದ ಮೇಲೆ ಸ್ವಂತ ಚಿಕಿತ್ಸಾಲಯ ತೆರೆಯಬಹುದಂತೆ. ಫೋನ್ ಮಾಡಿದೆ. "ಕೇಂದ್ರ ಸರ್ಕಾರದ ಮಾನ್ಯತೆ ಇದೆಯೇ?" ಎಂದು ಕೇಳಿದರೆ "ನಮ್ಮದು ಐಎಸ್ಒ (ಗುಣಮಟ್ಟದ ಮುದ್ರೆ ಇರುವ) ಸಂಸ್ಥೆ" ಎಂದರು. ಅಜ್ಜನ ವಿದ್ಯೆಯನ್ನು ಮುಂದುವರಿಸುವ ಆಸೆ ಇದೆ. ಆದರೆ ಈ ಕಾಲದಲ್ಲಿ ಕೈಯಲ್ಲಿ ಕಾಗದ ಇಲ್ಲದೆ ಯಾರು ನಂಬುತ್ತಾರೆ? ಸೇರಬಹುದೇ? ಯಾರಾದರೂ ಸೇರಿದವರಿದ್ದೀರಾ?

ಕೊಪ್ಪದ ಅಕ್ಕ (ಸೋಮವಾರ, ರಾತ್ರಿ 10.05)

ಹದಿನೆಂಟು ಸಾವಿರಕ್ಕೆ ಒಂದು ಗಬ್ಬದ ಗಿಡ್ಡ ಬರುತ್ತದೆ ತಮ್ಮ. ಅದನ್ನು ಕೊಂಡುಕೊ. ಮೂರು ತಿಂಗಳಲ್ಲಿ ಅದು ಕಲಿಸುವಷ್ಟನ್ನು ಯಾರೂ ಕಲಿಸುವುದಿಲ್ಲ.

ಶರಾವತಿ ಕಣಿವೆ (ಮಂಗಳವಾರ, ಬೆಳಿಗ್ಗೆ 6.50)

ಸೇರಿ. ಯಾಕೆ ಸೇರಬಾರದು? ನಾನೂ ನಾಟಿ ಔಷಧದ ಮನೆತನದವನೇ. ಕಾಗದ ಇಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮನ್ನು ಕಂಡಕಂಡವರೆಲ್ಲ "ಅಳಲೆಕಾಯಿ ಪಂಡಿತ" ಎಂದು ಹಂಗಿಸುತ್ತಾರೆ. ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದ ದಿನವೇ ಅದೇ ಜನ "ಡಾಕ್ಟ್ರೇ" ಎನ್ನುತ್ತಾರೆ. ವಿದ್ಯೆ ನಿಮ್ಮ ಮನೆಯಲ್ಲೇ ಇದೆ, ಬೇಕಾದದ್ದು ಮುದ್ರೆ ಮಾತ್ರ.

ಸಾಗರದ ಪಶುವೈದ್ಯೆ (ಮಂಗಳವಾರ, ಮಧ್ಯಾಹ್ನ 2.15)

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಕಾಗದದ ಕಥೆಯನ್ನು ಮೊದಲು ಮುಗಿಸುತ್ತೇನೆ.

ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ 1984ರದ್ದು. ಅದರ 30ನೆಯ ಕಲಮಿನ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವವರ ಹೆಸರು ಪರಿಷತ್ತಿನ ರಿಜಿಸ್ಟರಿನಲ್ಲಿ ಇರಬೇಕು. ಆ ರಿಜಿಸ್ಟರಿಗೆ ಹೋಗುವ ದಾರಿ ಪಶುವೈದ್ಯ ಪದವಿ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ನಮ್ಮ ಜಿಲ್ಲೆಯಲ್ಲೇ, ಶಿವಮೊಗ್ಗದ ವಿನೋಬನಗರದಲ್ಲಿ, ಬೀದರ್ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜಿದೆ. ಇದೇ ಕಲಮಿನಲ್ಲಿ ಇನ್ನೊಂದು ಕಿರುಬಾಗಿಲೂ ಇದೆ. ಸ್ಟಾಕ್‌ಮನ್ ಅಥವಾ ಪಶು ಮೇಲ್ವಿಚಾರಕರ ಡಿಪ್ಲೊಮಾ, ಸರ್ಟಿಫಿಕೇಟ್ ಪಡೆದವರಿಗೆ ರಾಜ್ಯ ಸರ್ಕಾರ ಆದೇಶ ಹೊರಡಿಸಿ ಅನುಮತಿ ಕೊಡಬಹುದು. ಆಗ ಅವರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು. ಸರ್ಟಿಫಿಕೇಟಿನ ಮೇಲೆ ಗಿಡಮೂಲಿಕೆ ಎಂದು ಬರೆದಿದ್ದರೂ ಐಎಸ್ಒ ಎಂದು ಬರೆದಿದ್ದರೂ ಈ ಎರಡು ಬಾಗಿಲೂ ಅದಕ್ಕೆ ತೆರೆಯುವುದಿಲ್ಲ.

ಮದ್ದನ್ನು ಬಾಟಲಿಗೆ ತುಂಬಿ ಚೀಟಿ ಅಂಟಿಸಿ ಮಾರುವ ಯೋಚನೆ ಇದ್ದರೆ ಅದು ಬೇರೆಯದೇ ದಾರಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಆಯುರ್ವೇದ ಔಷಧದ ವ್ಯಾಖ್ಯೆಯೊಳಗೆ ಮನುಷ್ಯರ ಜೊತೆ ಪ್ರಾಣಿಗಳೂ ಇವೆ. ತಯಾರಿಕೆಗೆ ಪರವಾನಗಿ ಬೇಕು. ನಿಮ್ಮ ಫೋನಿಗೆ ಉತ್ತರಿಸಿದ ಪುಣ್ಯಾತ್ಮರು ಇದನ್ನು ಹೇಳಿದರೇ?

ಇನ್ನು ಶರಾವತಿ ಕಣಿವೆಯವರೇ, "ಬೇಕಾದದ್ದು ಮುದ್ರೆ ಮಾತ್ರ" ಎಂದಿರಿ. ಮುದ್ರೆ ನೋಡಿ ನಂಬಿ ಬರುವ ಹಸು ಯಾವುದೂ ಇಲ್ಲ. ಬರುವವನು ಅದರ ಯಜಮಾನ.

ಹುಂಚದ ಹುಡುಗ (ಮಂಗಳವಾರ, ಸಂಜೆ 7.30)

ಮೇಡಂ, ತಿಳಿಸಿದ್ದಕ್ಕೆ ಧನ್ಯವಾದ. ಆದರೆ ಮನಸ್ಸಿಗೆ ಸ್ವಲ್ಪ ಬೇಸರವಾಯಿತು. ಹಾಗಾದರೆ ನನ್ನ ಅಜ್ಜ ನಲವತ್ತು ವರ್ಷ ಮಾಡಿದ್ದು ಅಪರಾಧವೇ? ಆಗ ನಮ್ಮೂರಿಗೆ ರಸ್ತೆಯೇ ಇರಲಿಲ್ಲ.

ಸೊರಬದ ಮೇಷ್ಟ್ರು (ಮಂಗಳವಾರ, ರಾತ್ರಿ 8.45)

ಬೇಸರ ಮಾಡಿಕೊಳ್ಳಬೇಡಿ. ಈ ವಿದ್ಯೆ ಕನ್ನಡದಲ್ಲಿ ಪುಸ್ತಕವಾಗಿಯೇ ಎಂಟು ಒಂಬತ್ತು ಶತಮಾನ ಕಳೆದಿದೆ. ಚಾಲುಕ್ಯ ಮನೆತನದ ಕೀರ್ತಿವರ್ಮ "ಗೋವೈದ್ಯ" ಬರೆದವನು. ಅರಸುಮನೆಯಲ್ಲಿ ಹುಟ್ಟಿ ದನದ ಕಾಯಿಲೆಯ ಬಗ್ಗೆ ಬರೆಯಲು ಕುಳಿತನಲ್ಲ, ಅದೇ ನನಗೆ ದೊಡ್ಡ ಮಾತು. ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಅದರಲ್ಲಿ ಮದ್ದಿನ ಜೊತೆ ಮಂತ್ರವೂ ಇದೆ. ಯಾವುದು ಮದ್ದು, ಯಾವುದು ಮಂತ್ರ ಎಂದು ಬೇರೆ ಮಾಡುವ ಕೆಲಸವನ್ನು ಅವನು ನಮಗೆ ಬಿಟ್ಟು ಹೋಗಿದ್ದಾನೆ, ನಾವು ಇನ್ನೂ ಮುಗಿಸಿಲ್ಲ.

ನಿಮ್ಮ ಅಜ್ಜನ ಪುಸ್ತಕದ ವಿಷಯಕ್ಕೆ ಒಂದು ಸಲಹೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರ ಮತ್ತು ಅದರ ಬಗೆಗಿನ ತಿಳಿವಳಿಕೆಯ ದಾಖಲೆ ಇಡಬೇಕು. ಬಹಳ ಕಡೆ ಆ ದಾಖಲೆ ಬೀರುವಿನಲ್ಲಿ ಮಲಗಿರುತ್ತದೆ ಎನ್ನುವುದು ಬೇರೆ ಮಾತು. ಆದರೂ ಹೋಗಿ ವಿಚಾರಿಸಿ. ಗೆದ್ದಲು ಕಾಯುವುದಿಲ್ಲ.

ಸಂಶಯಪ್ರಾಣಿ (ಮಂಗಳವಾರ, ರಾತ್ರಿ 11.20)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಜ್ಜನ ಮದ್ದಿನಿಂದಲೇ ಗುಣವಾಯಿತು ಎಂದು ಹೇಗೆ ಗೊತ್ತು? ಕಾಲುಬಾಯಿ ಜ್ವರವನ್ನೇ ತೆಗೆದುಕೊಳ್ಳಿ. ಬೆಳೆದ ದನಗಳಲ್ಲಿ ಬಹುಪಾಲು ಎರಡು ಮೂರು ವಾರದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತವೆ; ಸಾಯುವುದು ಹೆಚ್ಚಾಗಿ ಎಳೆಗರುಗಳು. ಹತ್ತನೆಯ ದಿನ ನಾನು ಹೋಗಿ ಬೆಲ್ಲದ ನೀರು ಹಚ್ಚಿ ಬಂದರೂ ಹದಿನೈದನೆಯ ದಿನ ನನ್ನ ಕೈಗುಣವನ್ನು ಊರೇ ಹೊಗಳುತ್ತದೆ. ಸತ್ತ ಕರುವಿಗೆ ಮಾತ್ರ ಆಯುಸ್ಸು ಇರಲಿಲ್ಲ ಎನ್ನುತ್ತಾರೆ.

ಕೊಪ್ಪದ ಅಕ್ಕ (ಬುಧವಾರ, ಬೆಳಿಗ್ಗೆ 10.30)

ಸಂಶಯಪ್ರಾಣಿಯವರೇ, ಹಚ್ಚಿದ್ದರಿಂದ ಗುಣವಾದದ್ದನ್ನೂ, ಹಚ್ಚಿದ್ದರಿಂದ ಕೆಟ್ಟದ್ದನ್ನೂ ಕಂಡವಳು ನಾನು. ಎರಡನ್ನೂ ಹೇಳುತ್ತೇನೆ.

ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯವರು ಕೆಚ್ಚಲು ಬಾವಿಗೆ ಪ್ರಚಾರ ಮಾಡಿದ ಮದ್ದು ನಿಮಗೆಲ್ಲ ಗೊತ್ತಿರಬಹುದು: ಲೋಳೆಸರ 250 ಗ್ರಾಂ, ಅರಿಶಿನದ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿದರೆ ಆರತಿಯ ಓಕುಳಿಯಂತೆ ಕೆಂಪಗಾಗುತ್ತದೆ. ಕೆಚ್ಚಲಿನ ಹಾಲನ್ನು ಪೂರ್ತಿ ಹಿಂಡಿ ತೆಗೆದು, ತೊಳೆದು, ಒಂದು ಹಿಡಿ ಮುದ್ದೆಯನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಹಚ್ಚಬೇಕು. ದಿನಕ್ಕೆ ಎಂಟು ಹತ್ತು ಸಲ, ಐದು ದಿನ. ಜೊತೆಗೆ ನಿಂಬೆಹಣ್ಣು ತಿನ್ನಿಸಬೇಕು. ದಿನಕ್ಕೆ ಹತ್ತು ಸಲ ಎಂದಾಗಲೇ ನಮ್ಮ ಮನೆಯ ಗಂಡಸರು ಇಂಜೆಕ್ಷನ್ ಪಕ್ಷಕ್ಕೆ ಸೇರಿದರು.

ಮೊದಲ ಸಲ ನಾನು ತಕ್ಕಡಿ ಹಿಡಿಯಲಿಲ್ಲ. ನಲವತ್ತು ವರ್ಷ ಅಡುಗೆ ಮಾಡಿದವಳಿಗೆ ಅಳತೆ ಯಾಕೆ ಎಂಬ ಜಂಬ. ಕವಳದ ಸುಣ್ಣವನ್ನು ಹಿಡಿ ತುಂಬ ಹಾಕಿದೆ. ಮೂರನೆಯ ದಿನ ಕೆಚ್ಚಲಿನ ಚರ್ಮ ಸುಲಿದು ಬಂತು. ಗೌರಿ ನನ್ನನ್ನು ಕಂಡರೆ ಒದೆಯುತ್ತಿದ್ದಳು. ಬಾವು ಇಳಿದ ಮೇಲೂ ಹದಿನೈದು ದಿನ ನನಗೆ ಸೊರ ಬಿಡಲಿಲ್ಲ, ಹಾಲು ಇಳಿಸಲಿಲ್ಲ. ಎರಡನೆಯ ಸಲ ಅಂಗಡಿಯವನ ಹತ್ತಿರ ತೂಗಿಸಿ ತಂದೆ. ಬೇಗ ಹಿಡಿದದ್ದರಿಂದಲೋ ಏನೋ, ನಾಲ್ಕನೆಯ ದಿನಕ್ಕೆ ಗಡ್ಡೆ ಕರಗಿತು. ಮೂರನೆಯ ಸಲ ಬೇರೆ ಹಸುವಿಗೆ ಬಂತು. ಜ್ವರ, ಮೇವು ಮುಟ್ಟುತ್ತಿರಲಿಲ್ಲ, ಹಾಲಿನ ಬದಲು ಕೆಂಪು ನೀರು. ಎರಡು ದಿನ ಲೋಳೆಸರವನ್ನೇ ಹಚ್ಚುತ್ತಾ ಕುಳಿತೆ. ಡಾಕ್ಟರು ಬರುವ ಹೊತ್ತಿಗೆ ಒಂದು ಮೊಲೆ ಹೋಗಿತ್ತು. ಈಗ ಅವಳು ಮೂರು ಮೊಲೆಯ ಹಸು.

ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಮೂರು ತಿಂಗಳ ಪಾಠದಲ್ಲಿ ಈ ಎರಡನೆಯ ಸಲಕ್ಕೂ ಮೂರನೆಯ ಸಲಕ್ಕೂ ಇರುವ ವ್ಯತ್ಯಾಸವನ್ನು ಕಲಿಸುತ್ತಾರೆಯೇ?

ಸಾಗರದ ಪಶುವೈದ್ಯೆ (ಬುಧವಾರ, ರಾತ್ರಿ 9.10)

ಅಕ್ಕ, ನನ್ನ ಅರ್ಧ ಕೆಲಸವನ್ನು ನೀವೇ ಮುಗಿಸಿದಿರಿ.

ನಾನು ಸೊಪ್ಪಿನ ವಿರೋಧಿ ಅಲ್ಲ. ಬಾವು ಶುರುವಾಗುತ್ತಿರುವಾಗ ನಾನೂ ಲೋಳೆಸರ ಹೇಳುತ್ತೇನೆ. ಆ್ಯಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಹೇಳಿದಷ್ಟು ದಿನ ಡೇರಿಗೆ ಹಾಕುವಂತಿಲ್ಲ. ನಮ್ಮಲ್ಲಿ ಎಷ್ಟು ಜನ ಅದನ್ನು ಪಾಲಿಸುತ್ತಾರೆ ಎಂದು ಕೇಳಿದರೆ ಕೊಟ್ಟಿಗೆಯಲ್ಲಿ ಮೌನ. ಹಾಗಾಗಿ ಇಂಜೆಕ್ಷನ್ ಒಂದು ಕಡಿಮೆಯಾದರೂ ಲಾಭವೇ. ತಂಜಾವೂರಿನ ಪ್ರೊ. ಪುಣ್ಯಮೂರ್ತಿ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಹಳ್ಳಿಯ ಮದ್ದುಗಳನ್ನು ಒಂದೊಂದಾಗಿ ಪರೀಕ್ಷಿಸಿ ಅಳತೆಗೆ ತಂದರು. ಹೈನುಗಾರಿಕೆ ಮಂಡಳಿ ಹಂಚುವುದು ಆ ಕೆಲಸದ ಫಲವನ್ನೇ. ಬೆಂಗಳೂರಿನ ಯಲಹಂಕದ ಬಳಿಯ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದಲ್ಲೂ ಇದರ ಕೆಲಸ ನಡೆದಿದೆ. ಕಲಿಯಲು ಆಸೆ ಇದ್ದರೆ ಇಂಥ ಕಡೆ ಕೇಳಿ.

ನನಗೆ ಭಯವಾಗುವುದು ಸೊಪ್ಪಿನ ಬಗ್ಗೆ ಅಲ್ಲ, ಗೊಟ್ಟದ ಬಗ್ಗೆ. ಎರಡು ವರ್ಷದ ಹಿಂದೆ ಒಂದು ಮನೆಗೆ ಹೋದೆ. ಹಿಂದಿನ ದಿನ ಕರು ಹಾಕಿದ ಮಿಶ್ರತಳಿ ಹಸು, ಒಳ್ಳೆಯ ಹಾಲು. ಬೆಳಿಗ್ಗೆ ಏಳಲಿಲ್ಲ. ಕತ್ತನ್ನು ಹೊಟ್ಟೆಯ ಕಡೆ ಮಡಿಚಿ ಮಲಗಿತ್ತು, ಕಿವಿ ತಣ್ಣಗೆ. ಇದಕ್ಕೆ ಹಾಲು ಜ್ವರ ಎನ್ನುತ್ತಾರೆ. ಹೆಸರಿನಲ್ಲಿ ಜ್ವರವಿದೆ, ಮೈಯಲ್ಲಿ ಇರುವುದಿಲ್ಲ. ರಕ್ತದಲ್ಲಿ ಸುಣ್ಣದ ಅಂಶ ದಿಢೀರನೆ ಇಳಿದಿರುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ರಕ್ತನಾಳಕ್ಕೆ ಏರಿಸಿದರೆ ಎಷ್ಟೋ ಹಸುಗಳು ಕಣ್ಣೆದುರೇ ಎದ್ದು ನಿಲ್ಲುತ್ತವೆ. ನಮ್ಮ ವೃತ್ತಿಯಲ್ಲಿ ಪವಾಡದಂತೆ ಕಾಣುವ ಒಂದೇ ಚಿಕಿತ್ಸೆ ಅದು. ಆದರೆ ನನಗಿಂತ ಮೊದಲು ಒಬ್ಬರು ಬಂದು, "ಜ್ವರ" ಎಂಬ ಹೆಸರು ಕೇಳಿ, ನಾಲಗೆ ಹೊರಗೆಳೆದು, ತಲೆ ಎತ್ತಿ, ಎರಡು ಗೊಟ್ಟ ಕಷಾಯ ಹುಯ್ದಿದ್ದರು. ಆ ಸ್ಥಿತಿಯಲ್ಲಿ ಹಸುವಿಗೆ ನುಂಗುವ ಶಕ್ತಿ ಇರುವುದಿಲ್ಲ. ಕಷಾಯ ಹೋದದ್ದು ಶ್ವಾಸಕೋಶಕ್ಕೆ. ಕ್ಯಾಲ್ಸಿಯಂ ಕೊಟ್ಟ ಮೇಲೆ ಎದ್ದು ನಿಂತಿತು, ನಾಲ್ಕನೆಯ ದಿನ ನ್ಯುಮೋನಿಯಾದಿಂದ ಸತ್ತಿತು. ಕಷಾಯದಲ್ಲಿ ಇದ್ದದ್ದು ಶುಂಠಿ, ಕಾಳುಮೆಣಸು, ಬೆಲ್ಲ. ಯಾವ ತಪ್ಪೂ ಇಲ್ಲದ ವಸ್ತುಗಳು.

ಇನ್ನೊಂದು. ಜೊಲ್ಲು ಸುರಿಸುತ್ತಾ, ನುಂಗಲಾರದೆ, ವಿಚಿತ್ರವಾಗಿ ಕೂಗುವ ದನದ ಬಾಯಿಗೆ "ಗಂಟಲಲ್ಲಿ ಏನೋ ಸಿಕ್ಕಿದೆ" ಎಂದು ಕೈ ಹಾಕಬೇಡಿ. ಅದು ಹುಚ್ಚುನಾಯಿ ಕಡಿದ ದನವಾಗಿದ್ದರೆ ಆ ಜೊಲ್ಲೇ ನಿಮ್ಮ ಸಾವು. ಗೊಟ್ಟ ಹಿಡಿಯುವವರ ಕೈಯಲ್ಲಿ ತರಚು ಗಾಯ ಇಲ್ಲದ ದಿನ ಯಾವುದು? ಹಾಗೆಯೇ, ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಿಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ನೆರಡಿ (ಆಂಥ್ರಾಕ್ಸ್) ಇರಬಹುದು. ಇಂಥ ರೋಗಗಳ ಅನುಮಾನ ಬಂದರೆ ತಿಳಿಸಬೇಕಾದದ್ದು 2009ರ ಕಾಯ್ದೆಯ ಪ್ರಕಾರ ಕರ್ತವ್ಯ.

ನಿಮ್ಮ ಅಜ್ಜ ಅಪರಾಧಿಯೇ ಎಂದು ಕೇಳಿದಿರಿ. ರಸ್ತೆ ಇಲ್ಲದ ಊರಿನಲ್ಲಿ ರಾತ್ರಿ ಎದ್ದು ಹೋದವರನ್ನು ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಬೋರ್ಡು ಹಾಕಿ ಶುಲ್ಕ ತೆಗೆದುಕೊಳ್ಳುವ ಮೊಮ್ಮಗನ ವಿಷಯ ಬೇರೆ.

ಶರಾವತಿ ಕಣಿವೆ (ಬುಧವಾರ, ರಾತ್ರಿ 10.40)

ಮೇಡಂ, ಒಂದು ಮಾತು ಕೇಳುತ್ತೇನೆ, ಕೋಪ ಬೇಡ. ಲೋಳೆಸರ, ಅರಿಶಿನ, ಸುಣ್ಣ ಇದೆಲ್ಲ ಯಾರದ್ದು? ನಮ್ಮಂಥವರ ಅಟ್ಟದ ಮೇಲಿನದ್ದು. ಅದನ್ನು ಕೇಳಿ ಬರೆದುಕೊಂಡು ಹೋದರು, ಗ್ರಾಮಿನ ಲೆಕ್ಕ ಹಾಕಿದರು, ಪುಸ್ತಕ ಮಾಡಿದರು. ಈಗ ಅದೇ ಮದ್ದನ್ನು ನಾನು ಪಕ್ಕದ ಮನೆಯ ಹಸುವಿಗೆ ಹಚ್ಚಿದರೆ ಕಾನೂನು ತೋರಿಸುತ್ತೀರಿ. ನಿಮ್ಮ ಆಸ್ಪತ್ರೆಯಿಂದ ನಮ್ಮ ಹಿನ್ನೀರಿನ ಊರಿಗೆ ಬರಲು ಲಾಂಚು ದಾಟಬೇಕಾಗಿದ್ದ ಕಾಲದಲ್ಲಿ ಯಾವ ರಿಜಿಸ್ಟರು ಬಂದಿತ್ತು? ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಎನ್ನುತ್ತಾರೆ. ಸಿಗ್ನಲ್ ಸಿಗಬೇಕಾದರೆ ಗುಡ್ಡದ ನೆತ್ತಿ ಹತ್ತಬೇಕು.

ಸಾಗರದ ಪಶುವೈದ್ಯೆ (ಗುರುವಾರ, ಬೆಳಿಗ್ಗೆ 7.00)

ಕೋಪವೇನೂ ಇಲ್ಲ. ನಿಮ್ಮ ಮಾತಿನಲ್ಲಿ ಅರ್ಧಕ್ಕೆ ನನ್ನ ಬಳಿ ಉತ್ತರ ಇಲ್ಲ. ಉಳಿದ ಅರ್ಧಕ್ಕೆ: ಪಕ್ಕದ ಮನೆಯವರಿಗೆ ಲೋಳೆಸರ ಹಚ್ಚುವುದನ್ನು ತೋರಿಸಿಕೊಟ್ಟರೆ ಯಾರೂ ಬಂದು ಹಿಡಿಯುವುದಿಲ್ಲ. ನಾನು ಹೇಳಿದ್ದು ಚಿಕಿತ್ಸಾಲಯದ ಬಗ್ಗೆ.

ತೀರ್ಥಹಳ್ಳಿಯವನು, ಈಗ ಲೀಡ್ಸ್ (ಗುರುವಾರ, ಮಧ್ಯಾಹ್ನ 3.30)

ಹೊರಗಿನ ಸುದ್ದಿ ಒಂದಿಷ್ಟು. ಇಲ್ಲಿ ಬ್ರಿಟನ್ನಿನಲ್ಲಿ 1966ರ ಪಶುವೈದ್ಯ ಕಾಯ್ದೆ ಇನ್ನೂ ಬಿಗಿ. ಮನುಷ್ಯರಿಗೆ ಗಿಡಮೂಲಿಕೆ ಕೊಡುವ ಅನುಭವಿ ವೈದ್ಯನೂ ಪಕ್ಕದ ಮನೆಯ ನಾಯಿಗೆ ತಾನೇ ಚಿಕಿತ್ಸೆ ಮಾಡುವಂತಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಚಿ ವಿಶ್ವವಿದ್ಯಾಲಯ ಎಂದು ಒಂದಿದೆ, ಚೀನೀ ಪದ್ಧತಿಯ ಪಶು ಗಿಡಮೂಲಿಕೆ ಚಿಕಿತ್ಸೆಯಲ್ಲಿ ಸರ್ಟಿಫಿಕೇಟ್ ಕೊಡುತ್ತದೆ. ಆದರೆ ಅದಕ್ಕೆ ಸೇರಲು ಮೊದಲೇ ಪಶುವೈದ್ಯರಾಗಿರಬೇಕು ಅಥವಾ ಪಶುವೈದ್ಯ ವಿದ್ಯಾರ್ಥಿಯಾಗಿರಬೇಕು. ಅಲ್ಲಿ ಗಿಡಮೂಲಿಕೆಯ ಕಾಗದ ಎಂದರೆ ಪದವಿಯ ಮೇಲಿನ ತುಪ್ಪ. ನಮ್ಮವರು ಅನ್ನವಿಲ್ಲದೆ ತುಪ್ಪ ಮಾರುತ್ತಿದ್ದಾರೆ.

ಸೊರಬದ ಮೇಷ್ಟ್ರು (ಗುರುವಾರ, ಸಂಜೆ 6.20)

ಲೀಡ್ಸಿನವರ ಉಪಮೆ ಚೆನ್ನಾಗಿದೆ, ನಮ್ಮ ಊರಿನ ಒಂದು ವಿಷಯವನ್ನು ಸೇರಿಸುತ್ತೇನೆ. ಕ್ಯಾಸನೂರು ನಮ್ಮ ತಾಲ್ಲೂಕಿನ ಕಾಡು. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು ಅಲ್ಲಿ, 1957ರಲ್ಲಿ. ಹರಡುವುದು ಉಣ್ಣೆ, ಅಂದರೆ ರಕ್ತ ಹೀರುವ ಉಣುಗು. ಮೇಯಲು ಹೋದ ದನ ಉಣ್ಣೆಯನ್ನು ಮನೆಗೆ ತರುತ್ತದೆ, ದರಕು (ಒಣ ಎಲೆ) ಗುಡಿಸಲು ಹೋದವರೂ ತರುತ್ತಾರೆ. ದನಕ್ಕೆ ಮದ್ದು ಎಂದರೆ ನಮ್ಮಲ್ಲಿ ಮನುಷ್ಯರ ಪ್ರಾಣದ ಮಾತೂ ಹೌದು.

ಉಣ್ಣೆಗೆ ಬೆಳ್ಳುಳ್ಳಿ, ಬೇವಿನ ಸೊಪ್ಪು, ಬೇವಿನ ಹಣ್ಣು, ಬಜೆ, ಅರಿಶಿನ, ತುಳಸಿ, ಲಂಟಾನ ಸೊಪ್ಪು ಎಲ್ಲ ಅರೆದು ಒಂದು ಲೀಟರ್ ನೀರಿನಲ್ಲಿ ಸೋಸಿ ಮೈಗೆ ಸಿಂಪಡಿಸುವ ಮದ್ದೂ ಅದೇ ಮಂಡಳಿಯ ಪಟ್ಟಿಯಲ್ಲಿದೆ. ಬಿಸಿಲಿನ ಹೊತ್ತಿನಲ್ಲಿ, ವಾರಕ್ಕೊಮ್ಮೆ, ಕೊಟ್ಟಿಗೆಯ ಬಿರುಕುಗಳಿಗೂ. ನಾನು ಮಾಡುತ್ತೇನೆ. ಆದರೆ ಮೇಡಂ, ಲಂಟಾನ ತಿಂದರೆ ದನಕ್ಕೆ ವಿಷ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಸಿಂಪಡಿಸಿದ್ದನ್ನು ನೆಕ್ಕಿದರೆ?

ಸಾಗರದ ಪಶುವೈದ್ಯೆ (ಗುರುವಾರ, ರಾತ್ರಿ 9.30)

ಮೇಷ್ಟ್ರೇ, ಸರಿಯಾದ ಪ್ರಶ್ನೆ. ಒಂದು ಹಿಡಿ ಸೊಪ್ಪಿನ ಸೋಸಿದ ರಸ ಮೈಮೇಲೆ ಹರಡಿರುವುದು ಬೇರೆ, ಬೇಸಿಗೆಯಲ್ಲಿ ಹುಲ್ಲಿಲ್ಲದೆ ಪೊದೆಯನ್ನೇ ಮೇಯುವುದು ಬೇರೆ. ಮೇಯ್ದರೆ ಈಲಿ (ಲಿವರ್) ಕೆಡುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತೆ ಸುಲಿಯುತ್ತದೆ. ಬಿಳಿ ಬಣ್ಣದ ಭಾಗದಲ್ಲಿ ಹೆಚ್ಚು. ಅದನ್ನು ಕಂಡು "ಚರ್ಮರೋಗ" ಎಂದು ಬೇವಿನೆಣ್ಣೆ ಹಚ್ಚಿದವರೂ ಇದ್ದಾರೆ. ಮೊದಲು ನೆರಳಿಗೆ ಕಟ್ಟಬೇಕು, ಆಮೇಲೆ ನಮ್ಮನ್ನು ಕರೆಯಬೇಕು.

ಅಡಿಕೆಯವರಿಗೆ ಇನ್ನೊಂದು: ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟದ ಹುಲ್ಲನ್ನು ಮಾರನೆಯ ದಿನವೇ ಕೊಯ್ದು ಹಾಕಬೇಡಿ. ಮೈಲುತುತ್ತದ ತಾಮ್ರ ಹೊಟ್ಟೆ ಸೇರುತ್ತದೆ, ಕುರಿಗಳಿಗಂತೂ ಬಹಳ ಅಪಾಯ.

ಮತ್ತು ಉಣ್ಣೆ ಮದ್ದನ್ನು ದನಕ್ಕೆ ಸಿಂಪಡಿಸಿದೆ ಎಂದು ನೀವು ಬರಿಗಾಲಿನಲ್ಲಿ ಕಾಡಿಗೆ ಹೋಗಬೇಡಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ.

ರಿಪ್ಪನ್‌ಪೇಟೆಯ ಪಶುಸಖಿ (ಶುಕ್ರವಾರ, ಬೆಳಿಗ್ಗೆ 8.15)

ನಾನು ಸ್ವಸಹಾಯ ಸಂಘದಿಂದ ಪಶುಸಖಿಯಾದವಳು. ನಮಗೂ ತರಬೇತಿ ಕೊಟ್ಟು ಒಂದು ಕಾಗದ ಕೊಟ್ಟಿದ್ದಾರೆ. ಆ ಕಾಗದದಿಂದ ನನಗೆ ಸಿಕ್ಕ ದೊಡ್ಡ ಲಾಭ ಏನು ಗೊತ್ತೇ? ನಮ್ಮ ಆಸ್ಪತ್ರೆಯ ಡಾಕ್ಟರು ನನ್ನ ಫೋನ್ ಎತ್ತುತ್ತಾರೆ. ಜ್ವರ ಅಳೆಯುತ್ತೇನೆ, ಕಣ್ಣಿನ ಬಣ್ಣ ನೋಡುತ್ತೇನೆ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ ಎಂದು ಹೇಳುತ್ತೇನೆ. ಲಸಿಕೆ ದಿನ ಜನರನ್ನು ಸೇರಿಸುತ್ತೇನೆ. ಚರ್ಮಗಂಟು ರೋಗ ಬಂದಾಗ ವೀಳ್ಯದೆಲೆ ಹತ್ತು, ಕಾಳುಮೆಣಸು ಹತ್ತು ಗ್ರಾಂ, ಉಪ್ಪು ಹತ್ತು ಗ್ರಾಂ ಬೆಲ್ಲದ ಜೊತೆ ಅರೆದು ಸ್ವಲ್ಪ ಸ್ವಲ್ಪವಾಗಿ ನಾಲಗೆಗೆ ಸವರಿ ತಿನ್ನಿಸುವುದನ್ನು ಮನೆಮನೆಗೆ ತೋರಿಸಿದೆ. ಗೊಟ್ಟ ಬೇಡ ಎಂದು ನಮಗೂ ಹೇಳಿಕೊಟ್ಟಿದ್ದಾರೆ, ಮುದ್ದೆ ಮಾಡಿ ತಿನ್ನಿಸಿ ಎಂದು. ಬೋರ್ಡು ಇಲ್ಲ, ಡಾಕ್ಟರ್ ಎಂದು ಯಾರೂ ಕರೆಯುವುದಿಲ್ಲ. "ಸೂಜಿ ಅಕ್ಕ" ಎನ್ನುತ್ತಾರೆ, ಸೂಜಿಯನ್ನು ನಾನು ಮುಟ್ಟದಿದ್ದರೂ.

ಗಂಡಸರಿಗೆ ಪಶುಸಖಿ ಇಲ್ಲ ಅಣ್ಣ. ನಿಮಗಾದರೆ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಶುಸಂಗೋಪನೆಯ ಡಿಪ್ಲೊಮಾ ಇದೆ, ತಿಪಟೂರಿನ ಹತ್ತಿರ ಕೋನೇಹಳ್ಳಿಯಲ್ಲಿ ಕಾಲೇಜು. ವಯಸ್ಸಿನ ಮಿತಿ ವಿಚಾರಿಸಿಕೊಳ್ಳಿ.

ಹುಂಚದ ಹುಡುಗ (ಭಾನುವಾರ, ರಾತ್ರಿ 8.50)

ಮೂರು ದಿನ ಇತ್ತ ಬರಲಿಲ್ಲ. ಅಜ್ಜನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮೊದಲ ಬಾರಿಗೆ ಓದಿದೆ. ಇಷ್ಟು ದಿನ ಮುಟ್ಟಿ ನಮಸ್ಕರಿಸಿ ಇಡುತ್ತಿದ್ದೆ, ಓದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಹೆಚ್ಚಿನದು ಮದ್ದಿನ ಪಟ್ಟಿ. ಹೊಟ್ಟೆ ಉಬ್ಬರಕ್ಕೆ ಏನು, ಭೇದಿಗೆ ಏನು ಎಂದು. ಅಳತೆ ಎಲ್ಲ "ಒಂದು ಹಿಡಿ", "ಅಡಿಕೆ ಗಾತ್ರ", "ಮೂರು ಬೆರಳು". ಹಿಂಬದಿಯಿಂದ ತಿರುಗಿಸಿದರೆ ಬೇರೆ ಬರಹ ಶುರುವಾಗುತ್ತದೆ. ಮೇಲೆ "ಕೈ ಹಾಕಬಾರದ್ದು" ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಅದರ ಕೆಳಗೆ ಹನ್ನೊಂದು ಸಾಲು. ನಾಲ್ಕನ್ನು ಹಾಗೆಯೇ ಇಳಿಸುತ್ತೇನೆ:

"ಕರು ಹಾಕಿ ಮಲಗಿದ್ದಕ್ಕೆ ಗೊಟ್ಟ ಹಿಡಿಯಬಾರದು. ಹೊಸನಗರಕ್ಕೆ ಆಳು ಕಳಿಸು."
"ಜೊಲ್ಲು, ಕೂಗು. ದೂರ ಇರು. ಮಕ್ಕಳನ್ನು ಒಳಗೆ ಕಳಿಸು."
"ತೊಡೆ ಉಬ್ಬಿ ಒತ್ತಿದರೆ ಚರಚರ ಎಂದರೆ ಮದ್ದಿಲ್ಲ. ಉಳಿದವಕ್ಕೆ ಸೂಜಿ ಹಾಕಿಸು."
"ದುಡ್ಡು ಮೊದಲೇ ಕೊಡುತ್ತೇನೆ ಎಂದವನ ಮನೆಗೆ ಹೋಗಬೇಡ."

ಕೊನೆಯದ್ದು ಯಾಕೆ ಎಂದು ಅಪ್ಪನನ್ನು ಕೇಳಿದೆ. ದುಡ್ಡು ತೆಗೆದುಕೊಂಡರೆ "ಇದು ನನ್ನ ಕೈಲಾಗದು" ಎಂದು ಹೇಳಿ ಬರಲು ಆಗುವುದಿಲ್ಲ, ಅದಕ್ಕೆ ಎಂದರು.

ಆದರೆ ಇನ್ನೊಂದು ಪುಟ ನೋಡಿ ಹೆದರಿಕೆಯಾಯಿತು. ಜಂತುಹುಳಕ್ಕೆ ಕಾಸರಕದ ಬೀಜ ತೇಯ್ದು ಕೊಡುವುದು ಎಂದಿದೆ.

ಸಾಗರದ ಪಶುವೈದ್ಯೆ (ಭಾನುವಾರ, ರಾತ್ರಿ 9.25)

ತೊಡೆ ಉಬ್ಬಿ ಚರಚರ ಎನ್ನುವುದು ಚಪ್ಪೆ ರೋಗ. ಅಜ್ಜ ಬರೆದದ್ದು ಸರಿ, ಉಳಿದ ದನಗಳಿಗೆ ಲಸಿಕೆಯೇ ದಾರಿ. ಈ ಹಿಂಬದಿಯ ಪುಟಗಳ ಚಿತ್ರ ನನಗೆ ಬೇಕು. ನಮ್ಮ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ.

ಕಾಸರಕದ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯಿರಿ. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಮೈ ಸೆಟೆದು, ಉಸಿರಾಟದ ಸ್ನಾಯುಗಳು ಬಿಗಿದು ಸಾಯುತ್ತವೆ. ಶುದ್ಧಿ ಮಾಡುವ ಕ್ರಮ ಅಜ್ಜನಿಗೆ ಗೊತ್ತಿದ್ದಿರಬಹುದು, ಅದು ಪುಸ್ತಕದಲ್ಲಿ ಇಲ್ಲ. ಜಂತುಹುಳಕ್ಕೆ ಆಸ್ಪತ್ರೆಯಲ್ಲಿ ಮಾತ್ರೆ ಇದೆ. ಅಜ್ಜನ ಮೇಲಿನ ಗೌರವಕ್ಕೂ ಇದಕ್ಕೂ ಸಂಬಂಧ ಇಲ್ಲ.

ಶರಾವತಿ ಕಣಿವೆ (ಭಾನುವಾರ, ರಾತ್ರಿ 10.10)

ಕಾಸರಕವನ್ನು ನಮ್ಮ ಮನೆಯಲ್ಲೂ ಮುಟ್ಟುವುದಿಲ್ಲ. ಅದು ನಿಜ.

ಹುಡುಗ, ಆ ಹನ್ನೊಂದು ಸಾಲನ್ನೂ ಇಲ್ಲಿ ಹಾಕಿ. ನನ್ನ ಅಪ್ಪ ಹೀಗೆ ಯಾವುದನ್ನೂ ಬರೆದಿಡಲಿಲ್ಲ. ಬಾಯಿಬಿಟ್ಟು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎನ್ನುತ್ತಿದ್ದರು, ಅವರ ಜೊತೆಗೇ ಹೋಯಿತು.

ಸಂಶಯಪ್ರಾಣಿ (ಭಾನುವಾರ, ರಾತ್ರಿ 10.30)

ಹದಿನೆಂಟು ಸಾವಿರ ಕಟ್ಟಿದಿರೋ ಇಲ್ಲವೋ?

ಹುಂಚದ ಹುಡುಗ (ಸೋಮವಾರ, ಬೆಳಿಗ್ಗೆ 6.15)

ಇಲ್ಲ. ಅವರು ನಿನ್ನೆ ಮತ್ತೆ ಫೋನ್ ಮಾಡಿ ಹನ್ನೆರಡು ಸಾವಿರಕ್ಕೆ ಇಳಿಸಿದರು. ಕೊಪ್ಪದ ಅಕ್ಕನ ಮಾತನ್ನು ಹೇಳಿದೆ, ಫೋನ್ ಇಟ್ಟರು.

ಡಿಪ್ಲೊಮಾ ವಿಚಾರಿಸುತ್ತೇನೆ. ಸದ್ಯಕ್ಕೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ, ಬೆಂಗಳೂರಿನ ವಿದ್ಯೆ ಅದಕ್ಕಾದರೂ ಒದಗಿತು. ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ಕರುವಿನ ಭೇದಿಗೆ ಎಂದು ಬರೆದ ಗಿಡದ ಹೆಸರು "ನೆಲ" ವರೆಗೆ ಇದೆ, ಉಳಿದದ್ದು ಗೆದ್ದಲು ತಿಂದಿದೆ. ನೆಲನೆಲ್ಲಿಯೇ, ನೆಲಬೇವೇ, ನೆಲಗುಳ್ಳವೇ?

ಕೊಪ್ಪದ ಅಕ್ಕ (ಸೋಮವಾರ, ಬೆಳಿಗ್ಗೆ 7.40)

ಊಹೆ ಮಾಡಿ ತುಂಬಬೇಡ ತಮ್ಮ, ಜಾಗ ಖಾಲಿ ಬಿಡು. ಅಜ್ಜನ ಜೊತೆ ಸೊಪ್ಪು ತರಲು ಹೋಗುತ್ತಿದ್ದವರು ಯಾರಾದರೂ ಇದ್ದಾರೆಯೇ?

ಹುಂಚದ ಹುಡುಗ (ಸೋಮವಾರ, ಬೆಳಿಗ್ಗೆ 7.55)

ಒಬ್ಬರಿದ್ದಾರೆ, ಮೇಲಿನ ಕೇರಿಯಲ್ಲಿ. ಕಿವಿ ಕೇಳುವುದಿಲ್ಲ. ಮೂರೂ ಗಿಡವನ್ನು ಕಿತ್ತುಕೊಂಡು ಹೋಗಿ ಮುಂದೆ ಇಡುತ್ತೇನೆ.